ಅಕ್ಕನ ಗಂಡನ ಮೂರನೇ ಸ್ಥಾನ

ನಾನು ಮಧುಗಿರಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಅದರ ಜೊತೆಗೆ ಊರಿನ ನಾಲ್ಕು ಪುಟದ ವಾರಪತ್ರಿಕೆಯೊಂದಕ್ಕೆ ಹದಿನೈದು ದಿನಕ್ಕೊಮ್ಮೆ ಅಂಕಣ ಬರೆಯುತ್ತೇನೆ. ನಮ್ಮ ಕಡೆಯ ಮನೆ, ಹೊಲ, ಅಂಗಡಿಗಳಿಗೆ ಬಂದು ಸೇರುವ ಹೊಸ ಹೊಸ ಯಂತ್ರಗಳು ಡಬ್ಬದ ಮೇಲೆ ಬರೆದಷ್ಟು ಕೆಲಸ ಮಾಡುತ್ತವೆಯೇ ಎಂದು ದಿನಗಟ್ಟಲೆ ಗುರುತು ಹಾಕಿಟ್ಟು, ಎಣಿಸಿ ನೋಡಿ ಹೇಳುವ ಅಂಕಣ. ಓದುವವರು ಎಷ್ಟು ಮಂದಿಯೋ ಗೊತ್ತಿಲ್ಲ. ಬೈಯುವವರು ಮಾತ್ರ ಓದಿಯೇ ಬೈಯುತ್ತಾರೆ ಎಂಬ ಸಮಾಧಾನವಿದೆ.

ಪತ್ರಿಕೆಯ ಸಂಪಾದಕರು ಎಪ್ಪತ್ತು ದಾಟಿದವರು. ಅಚ್ಚಿನ ಮೊಳೆ ಜೋಡಿಸುವ ಕೆಲಸದಿಂದ ಶುರು ಮಾಡಿದವರು. ಅಕ್ಷರಗಳನ್ನು ತಲೆಕೆಳಗಾಗಿ ಓದಿ ಓದಿ ಅಭ್ಯಾಸವಾಗಿ, ಈಗಲೂ ಮೇಜಿನಾಚೆ ಕೂತವರ ಕೈಯಲ್ಲಿರುವ ಕಾಗದವನ್ನು ಅವರಿಗಿಂತ ಮೊದಲೇ ಓದಿ ಮುಗಿಸಿರುತ್ತಾರೆ. ಅವರದೊಂದು ನಿಯಮ: ಯಾರ ಸಾಮಾನಿನ ಬಗ್ಗೆ ಬರೆಯುತ್ತೀರೋ ಅವರ ಹತ್ತಿರ ನೀರೂ ಕುಡಿಯಬಾರದು. ಇದು ಮಾತಿಗೆ ಹೇಳುವುದು ಎಂದುಕೊಂಡಿದ್ದೆ. ಪಾವಗಡದ ಬಸ್ಸಿನ ದಾರಿಯಲ್ಲಿ ಯಾವ ಕಂಪನಿಯ ಮೊಬೈಲ್ ಸಿಗ್ನಲ್ ಎಲ್ಲೆಲ್ಲಿ ಸಾಯುತ್ತದೆ ಎಂದು ನಾನು ಬರೆದ ಮೊದಲ ಅಂಕಣವನ್ನು ಅವರು ಹದಿನೈದು ದಿನ ಡ್ರಾಯರಿನಲ್ಲೇ ಇಟ್ಟುಕೊಂಡರು. ಕಾರಣ, ಸಿಮ್ಮು ಮಾರುವ ಅಂಗಡಿಯವನೊಬ್ಬ ಬಿಸಿಲಲ್ಲಿ ನಿಂತಿದ್ದ ನನಗೆ ಒಂದು ಎಳನೀರು ಕೊಡಿಸಿದ್ದ. ಅದನ್ನು ನಾನೇ ಬಾಯಿ ತಪ್ಪಿ ಹೇಳಿದ್ದೆ.

"ಎಳನೀರು ಅರಗ್ಲಿ ಕಣಮ್ಮ. ಆಮೇಲೆ ಹಾಕಣ," ಎಂದಿದ್ದರು.

ಹೀಗಿರುವಾಗ ಹೋದ ವರ್ಷ ಓದುಗರಿಂದ ಒಂದೇ ಪ್ರಶ್ನೆ ಮೇಲಿಂದ ಮೇಲೆ ಬರತೊಡಗಿತು. ಯಾವ ಮೊಬೈಲ್ ಸ್ಟಾರ್ಟರ್ ಒಳ್ಳೆಯದು? ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಬೋರ್‌ವೆಲ್ ಮೋಟರಿನ ಸ್ಟಾರ್ಟರಿಗೆ ಜೋಡಿಸುವ ಒಂದು ಪೆಟ್ಟಿಗೆ. ಒಳಗೆ ಒಂದು ಸಿಮ್ ಇರುತ್ತದೆ. ಮನೆಯಲ್ಲಿ ಕೂತು ಆ ನಂಬರಿಗೆ ಫೋನ್ ಮಾಡಿದರೆ ಹೊಲದಲ್ಲಿ ಮೋಟರ್ ಓಡಬೇಕು. ಓಡಿದರೆ ಒಳಗಿನಿಂದ ಹೆಣ್ಣುದನಿಯೊಂದು "ಮೋಟರ್ ಚಾಲೂ ಆಗಿದೆ" ಎನ್ನುತ್ತದೆ. ಕರೆಂಟ್ ಇಲ್ಲದಿದ್ದರೆ ಅದನ್ನೂ ಹೇಳುತ್ತದೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹೆಚ್ಚಾಗಿ ಓಡುತ್ತಿದ್ದುದು ಮೂರು ಕಂಪನಿಯವು. ಹೆಸರು ಬೇಡ, ಬಣ್ಣದಿಂದಲೇ ಹೇಳುತ್ತೇನೆ. ಒಂದು ಹಳದಿ ಪೆಟ್ಟಿಗೆ, ಒಂದು ಬೂದು, ಒಂದು ನೀಲಿ.

ನೀಲಿ ಪೆಟ್ಟಿಗೆಯನ್ನು ನಾಲ್ಕೂ ತಾಲ್ಲೂಕಿಗೆ ಹಂಚುವವರು ಕೊರಟಗೆರೆಯಲ್ಲಿ ಅಂಗಡಿ ಇಟ್ಟಿರುವ ನನ್ನ ಭಾವ. ಸ್ವಂತ ಅಕ್ಕನ ಗಂಡ.

ಇದನ್ನು ಸಂಪಾದಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು.

"ಅಂಗಾದ್ರೆ ನೀವು ಬರೀಬಾರ್ದು."

"ಮತ್ಯಾರು ಬರೀತಾರೆ ಸಾರ್?"

ಅವರು ಕಚೇರಿಯನ್ನೊಮ್ಮೆ ಸುತ್ತ ನೋಡಿದರು. ಅಲ್ಲಿದ್ದುದು ನಾವಿಬ್ಬರೇ. ಇನ್ನೊಬ್ಬ ವರದಿಗಾರ ಸಂತೆ, ಸಭೆ, ಅಪಘಾತ ಬಿಟ್ಟು ಬೇರೇನೂ ಬರೆಯುವವನಲ್ಲ. ಅವನಿಗೆ ಶೇಕಡಾ ಎಂದರೆ ಜ್ವರ ಬರುತ್ತದೆ.

"ಆಯ್ತು," ಎಂದರು ಕೊನೆಗೆ. "ಆದ್ರೆ ಯಾವ ಅಂಗಡಿಯವರ ಹತ್ರಾನೂ ಪೆಟ್ಟಿಗೆ ಇಸ್ಕೊಳಂಗಿಲ್ಲ. ಜನ ತಾವೇ ದುಡ್ಡು ಕೊಟ್ಟು ತಂದು ಹಾಕ್ಕೊಂಡಿರೋವನ್ನೇ ನೋಡ್ಬೇಕು. ಅವ್ರು ಕೊಡೋದು ಹೆಂಗಿರುತ್ತೆ? ಹೆಣ್ಣು ನೋಡಕ್ಕೆ ಬಂದಾಗ ಸೀರೆ ಉಡ್ಸಿ ಕೂರಿಸ್ದಂಗಿರುತ್ತೆ. ಇನ್ನೊಂದು, ನೀಲಿ ಪೆಟ್ಟಿಗೆ ಮಾರೋರು ನಿಮ್ಮ ಭಾವ ಅನ್ನೋದು ಬರಹದ ಮೊದ್ಲಲ್ಲೇ ಬರ್ಬೇಕು. ಕೊನೇಲಿ ಸಣ್ಣಕ್ಷರದಾಗಲ್ಲ."

ಸುದ್ದಿ ಕೊರಟಗೆರೆಗೆ ನನಗಿಂತ ಮೊದಲೇ ತಲುಪಿತು. ಆ ಭಾನುವಾರ ಭಾವ ಬೈಕಿನ ಹಿಂದೆ ಎರಡು ಹೊಸ ಪೆಟ್ಟಿಗೆ ಕಟ್ಟಿಕೊಂಡು ನಮ್ಮ ಮನೆಗೇ ಬಂದರು. ಮಾತಿಗೆ ಮುಂಚೆ ನಗು, ನಗುವಿಗೆ ಮುಂಚೆ ಹೊಟ್ಟೆ ಬರುವಂಥ ಮನುಷ್ಯ.

"ಏನಮ್ಮಣ್ಣಿ, ಪರೀಕ್ಷೆ ಮಾಡ್ತಿಯಂತೆ? ತಗೋ, ಹೊಸಾ ಮಾಡ್ಲು. ಎಷ್ಟ್ ದಿನ ಬೇಕಾದ್ರೂ ಇಟ್ಕೊಂಡು ಪರೀಕ್ಷೆ ಮಾಡು."

"ಬೇಡ ಭಾವ. ಅಂಗಡಿಯಿಂದ ತಗೊಳ್ಳೋ ಹಾಗಿಲ್ಲ."

"ಅಂಗಡಿಯಿಂದ ಎಲ್ಲಿ? ಇದು ಮನೆಯಿಂದ ತಂದಿದ್ದು."

ಅದರ ಬೆನ್ನಿಗೇ ಅವರು, ಪತ್ರಿಕೆಗೆ ಆರು ತಿಂಗಳು ಕಾಲು ಪುಟ ಜಾಹೀರಾತು ಕೊಡುವ ಮಾತನ್ನೂ ಎತ್ತಿದರು. ಮಾರನೆಯ ದಿನ ಹಾಗೆಯೇ ಕಚೇರಿಗೆ ಹೋಗಿ ಕೇಳಿಯೂ ಬಿಟ್ಟರಂತೆ. ಅಂಕಣ ಅಚ್ಚಾಗಿ ಮೂರು ತಿಂಗಳು ಕಳೆಯುವವರೆಗೆ ಸ್ಟಾರ್ಟರ್ ಮಾರುವ ಯಾರ ಜಾಹೀರಾತೂ ಬೇಡ ಎಂದು ಸಂಪಾದಕರು ಕೈಮುಗಿದು ಕಳಿಸಿದರು. ನನ್ನ ಅಕ್ಕ ಫೋನಿನಲ್ಲಿ, "ನಿಮ್ಮ ಪೇಪರ್ನೋರು ಬಂದ ಲಕ್ಷ್ಮೀನೂ ಹೊಸ್ಲಲ್ಲೇ ನಿಲ್ಲಿಸಿ ಯಾವ ಊರು ಅಂತ ಕೇಳೋ ಜನ ಕಣೇ," ಎಂದಳು.

ಹನ್ನೆರಡು ಬೋರ್‌ವೆಲ್ ಹುಡುಕಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ಪ್ರತಿ ಬಣ್ಣದ್ದೂ ಒಂದೊಂದು. ಎರಡು ತಿಂಗಳು ದಿನಕ್ಕೊಮ್ಮೆ ಫೋನ್ ಮಾಡಿ ಮೋಟರ್ ಹಾಕಬೇಕು; ಓಡಿದರೆ ಟಿಕ್, ಓಡದಿದ್ದರೆ ಇಂಟು. ಇಷ್ಟೇ ನಾನು ಹೇಳಿಕೊಟ್ಟದ್ದು. ಎರಡೇ ಗುರುತು, ಮಕ್ಕಳಿಗೂ ತಿಳಿಯುತ್ತದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಕರೆಂಟೇ ಇಲ್ಲದ ದಿನ ಏನು ಹಾಕಬೇಕು ಎಂದು ನಾನೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಹನ್ನೆರಡು ಮಂದಿಯಲ್ಲಿ ಇಬ್ಬರನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು.

ಒಬ್ಬರು ಶಿರಾದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ನಡೆಸುವ ಭಾಯ್. ಊರಾಚೆ ಅವರ ಮನೆಯವರ ಒಂದು ತುಂಡು ಹೊಲವಿದೆ, ಅಲ್ಲಿ ಹಳದಿ ಪೆಟ್ಟಿಗೆ. ಸುಟ್ಟ ಮೋಟರುಗಳ ನಡುವೆಯೇ ಕೂತು, ಅಚ್ಚು ಹಾಕಿದಂಥ ಅಕ್ಷರದಲ್ಲಿ ನೋಟ್ ಬುಕ್ಕಿಗೆ ಗೆರೆ ಎಳೆದುಕೊಂಡರು.

"ನೀವು ಎಲ್ಲಾ ಕಂಪನಿದೂ ರಿಪೇರಿ ಮಾಡ್ತೀರಲ್ಲ ಭಾಯ್, ನಿಮಗೆ ಯಾವುದು ವಾಸಿ ಅನ್ನಿಸುತ್ತೆ?" ಎಂದು ಕೇಳಿದ್ದೆ.

"ಅರೆ ಮೇಡಂ, ಡಾಕ್ಟ್ರಿಗೆ ಎಲ್ರೂ ಬೀಮಾರೇ ಕಾಣೋದು. ನನ್ ಹತ್ರ ಚೆನ್ನಾಗಿರೋದು ಒಂದೂ ಬರಲ್ಲ. ನನ್ನ ಕೇಳ್ಬೇಡಿ."

ಇಷ್ಟು ಸ್ಪಷ್ಟವಾಗಿ ತನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ ಎಂದು ಹೇಳಿದ ತಜ್ಞರನ್ನು ನಾನು ಮತ್ತೆ ಕಂಡಿಲ್ಲ.

ಇನ್ನೊಬ್ಬರು ಪಾವಗಡ ತಾಲ್ಲೂಕು ಕ್ಯಾತಗಾನಚೆರ್ಲುವಿನ ಅಜ್ಜಿ. ಜಮೀನಿನ ಬಹುಪಾಲು ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಮನೆಯ ಹಿಂದಿನ ಒಂದೂವರೆ ಎಕರೆ ಉಳಿಸಿಕೊಂಡು ಕನಕಾಂಬರ ಬೆಳೆಯುತ್ತಾರೆ. ಅಲ್ಲಿ ಭಾವನ ನೀಲಿ ಪೆಟ್ಟಿಗೆ. ಪೆಟ್ಟಿಗೆಯ ಒಳಗಿಂದ ಮಾತಾಡುವ ಹೆಣ್ಣುದನಿಯ ಜೊತೆ ಅಜ್ಜಿ ಮಾತಿಗೆ ಮಾತು ಕೊಡುತ್ತಿದ್ದರು. "ಮೋಟರ್ ಚಾಲೂ ಆಗಿದೆ" ಎಂದು ಅದು ಹೇಳಿದರೆ, "ಬಾಗುಂದಮ್ಮಾ, ಚಲ್ಲಗಾ ಇರು," ಎಂದು ತಮ್ಮ ತೆಲುಗು ಬೆರೆತ ಮಾತಿನಲ್ಲಿ ಹರಸಿಯೇ ಫೋನ್ ಇಡುವುದು. ಗುರುತು ಹಾಕಲು ಗೋಡೆಯ ಕ್ಯಾಲೆಂಡರ್.

ಎರಡು ತಿಂಗಳಾದ ಮೇಲೆ ನಾಲ್ಕೂ ತಾಲ್ಲೂಕು ತಿರುಗಿ ಎಲ್ಲರ ಪುಸ್ತಕ, ಕ್ಯಾಲೆಂಡರುಗಳ ಫೋಟೊ ಹಿಡಿದುಕೊಂಡು ಬಂದೆ. ಕ್ಯಾತಗಾನಚೆರ್ಲುವಿಗೆ ಹೋದ ದಿನ ಅಜ್ಜಿ ಹೂವಿನ ಮೂಟೆ ಕಳಿಸಲು ಪಾವಗಡಕ್ಕೆ ಹೋಗಿದ್ದರು. ಸೊಸೆ ಕ್ಯಾಲೆಂಡರ್ ತೋರಿಸಿದಳು, ಫೋಟೊ ತೆಗೆದುಕೊಂಡು ಸಿಕ್ಕ ಬಸ್ಸಿಗೆ ಹತ್ತಿದೆ.

ಮನೆಯಲ್ಲಿ ಕೂತು ಎಣಿಸುವಾಗ ಹತ್ತು ಕಡೆ ಕರೆಂಟಿಲ್ಲದ ದಿನಗಳ ಜಾಗ ಖಾಲಿಯೇ ಇತ್ತು; ಎರಡು ಕಡೆ ಮಾತ್ರ ನಾನು ಹೇಳಿಕೊಡದ ಗುರುತು ಕಂಡಿತು. ಸೊನ್ನೆ. ಶಿರಾದ ಭಾಯ್ ಪುಸ್ತಕದಲ್ಲಿ ಸುಮಾರು ಸೊನ್ನೆಗಳಿದ್ದವು. ಆದರೆ ಅವರು ಪುಟದ ಮೇಲ್ಗಡೆಯೇ ಬರೆದಿದ್ದರು: "ಸೊನ್ನೆ, ಅಂದರೆ ಕರೆಂಟ್ ಇಲ್ಲ ಎಂದು ಪೆಟ್ಟಿಗೆ ಹೇಳಿತು." ಇದು ಪೆಟ್ಟಿಗೆಯ ತಪ್ಪಲ್ಲವಲ್ಲ. ಖಾಲಿ ಜಾಗಗಳ ಹಾಗೆ ಆ ದಿನಗಳನ್ನೂ ಲೆಕ್ಕದಿಂದ ಬಿಟ್ಟೆ.

ಅಜ್ಜಿಯ ಕ್ಯಾಲೆಂಡರಿನಲ್ಲಿ ನಾಲ್ಕು ಇಂಟು, ಹದಿಮೂರು ಸೊನ್ನೆ. ಏನೂ ವಿವರಣೆಯಿಲ್ಲ. ಫೋನ್ ಮಾಡಿದೆ, ಸಿಗಲಿಲ್ಲ. ಒಂದೇ ಸಲ ಮಾಡಿದೆ ಎನ್ನುವುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಪಾವಗಡದ ಕಡೆ ಸಿಗ್ನಲ್ ಹೇಗಿರುತ್ತದೆ ಎಂದು ಒಂದು ಇಡೀ ಅಂಕಣ ಬರೆದವಳು ನಾನು; ಒಂದು ಸಲಕ್ಕೆ ಸಿಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಆಗ ನನ್ನ ತಲೆಯಲ್ಲಿ ಏನು ಓಡಿತು ಎಂದು ನೆನಪಿದೆ. ವಯಸ್ಸಾದವರು, ಇಂಟು ಹಾಕಲು ಬೇಜಾರಾಗಿ ಸೊನ್ನೆ ಸುತ್ತಿರಬೇಕು. ಮೋಟರ್ ಓಡಲಿಲ್ಲ, ಫಲ ಸೊನ್ನೆ ಎಂಬ ಅರ್ಥವಿರಬೇಕು. ಇದರ ಹಿಂದೆ ಇನ್ನೊಂದು ಯೋಚನೆಯೂ ಇತ್ತು. ಇದನ್ನು ಬಿಟ್ಟುಬಿಟ್ಟರೆ, ಭಾವನ ಪೆಟ್ಟಿಗೆ ಅಂತ ಬಿಟ್ಟಳು ಎಂದು ಜನ ಹೇಳುವುದಿಲ್ಲವೇ? ಹದಿಮೂರನ್ನೂ ನಾಲ್ಕಕ್ಕೆ ಕೂಡಿದೆ. ಹದಿನೇಳು ದಿನ ಕೈಕೊಟ್ಟಿತು ಎಂದು ಬರೆದೆ. ಹಳದಿ ಮೊದಲನೆಯದು, ಬೂದು ಎರಡನೆಯದು, ನೀಲಿ ಮೂರನೆಯದು.

ಸಂಪಾದಕರು ಬರಹವನ್ನು ಎರಡು ಸಲ ಓದಿ, ತಲೆಯೆತ್ತಿ ಕೇಳಿದರು:

"ನಿಮ್ಮ ಭಾವಂದು ಕೊನೇದು ಬಂತಲ್ಲ. ಅದು ಕಂಡಾಗ ನಿಮಗೆ ಬೇಜಾರಾಯ್ತೋ, ಸಮಾಧಾನ ಆಯ್ತೋ?"

"ಸಮಾಧಾನ ಆಯ್ತು ಸಾರ್," ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹೂಂ," ಎಂದು ಅಚ್ಚಿಗೆ ಕಳಿಸಿದರು.

ಬರಹದ ಮೊದಲ ವಾಕ್ಯವೇ, "ಮೂರರಲ್ಲಿ ನೀಲಿ ಪೆಟ್ಟಿಗೆಯನ್ನು ಮಾರುವವರು ಈ ಲೇಖಕಿಯ ಅಕ್ಕನ ಗಂಡ" ಎಂದಿತ್ತು. ಅಂಗಡಿಯ ಹೆಸರು ಇರಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಆ ವಾರವೆಲ್ಲ ಕೊರಟಗೆರೆಯ ಬಸ್ ನಿಲ್ದಾಣಕ್ಕೆ ಭಾವ ಹೋದರೆ ಸಾಕು, "ಅಕ್ಕನ ಗಂಡ ಬಂದ್ರು, ಜಾಗ ಬುಡ್ರಲಾ," ಎನ್ನುತ್ತಿದ್ದರಂತೆ. ಇಷ್ಟು ವರ್ಷ ಅಂಗಡಿಯ ಬೋರ್ಡು ಮಾಡಿಕೊಡದ ಹೆಸರನ್ನು ನಾನು ಒಂದೇ ವಾಕ್ಯದಲ್ಲಿ ಮಾಡಿಕೊಟ್ಟಿದ್ದೆ.

ಭಾವ ಫೋನ್ ಮಾಡಲಿಲ್ಲ. ಅಕ್ಕ ಮಾಡಿದಳು. ಅವಳು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಅವ್ರು ಊಟ ಸರಿಯಾಗಿ ಮಾಡ್ತಿಲ್ಲ," ಎಂದಷ್ಟೇ ಹೇಳಿದಳು. ಭಾವ ಊಟ ಸರಿಯಾಗಿ ಮಾಡದಿದ್ದರೆ ಅದು ಸಣ್ಣ ಸುದ್ದಿಯಲ್ಲ.

ಇತ್ತ ಕಾಲೇಜಿನಲ್ಲಿ ನನಗೆ ಬೇರೆಯದೇ ಗೌರವ. ಸಹೋದ್ಯೋಗಿಗಳು, "ಸ್ವಂತ ಭಾವನನ್ನೇ ಬಿಡಲಿಲ್ಲ ನೋಡ್ರಿ ಮೇಡಮ್ಮು," ಎನ್ನುತ್ತಿದ್ದರು. ಪ್ರಾಂಶುಪಾಲರು ಪ್ರಾರ್ಥನೆಯ ಹೊತ್ತಿನಲ್ಲಿ ನಿಷ್ಪಕ್ಷಪಾತದ ಬಗ್ಗೆ ನಾಲ್ಕು ಮಾತಾಡಿ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ, ತಗ್ಗಿಸಿದ್ದು ಎಲ್ಲರಿಗೂ ಕಾಣುವ ಹಾಗೆ ನಿಂತಿದ್ದೆ. ಮನೆಯಲ್ಲಿ ಸೊಪ್ಪು ಸೋಸುವಾಗಲೂ ಆ ದಿನಗಳಲ್ಲಿ ನನ್ನ ಕತ್ತು ಸ್ವಲ್ಪ ನೆಟ್ಟಗೇ ಇತ್ತು.

ಹತ್ತು ದಿನ ಕಳೆದು ಪತ್ರಿಕೆಯ ಪ್ರತಿ ಕೊಡಲು ಕ್ಯಾತಗಾನಚೆರ್ಲುವಿಗೆ ಹೋದೆ. ಗುರುತು ಹಾಕಿದ ಹನ್ನೆರಡೂ ಮಂದಿಗೆ ಕೈಯಾರೆ ಪ್ರತಿ ಕೊಡಬೇಕು ಎಂಬುದು ಸಂಪಾದಕರ ಇನ್ನೊಂದು ನಿಯಮ. ಅಜ್ಜಿ ಜಗಲಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದರು. ಓದು ಅಷ್ಟಾಗಿ ಬರುವುದಿಲ್ಲ, ನೀನೇ ಓದು ಎಂದರು. ನಾನು ದನಿ ಸರಿಮಾಡಿಕೊಂಡು ಓದಿದೆ: "ಕ್ಯಾತಗಾನಚೆರ್ಲುವಿನಲ್ಲಿ ನೀಲಿ ಪೆಟ್ಟಿಗೆ ಹದಿನೇಳು ದಿನ ಕೈಕೊಟ್ಟಿತು..."

ಅಜ್ಜಿಯ ಕೈ ದಾರದ ಮೇಲೆ ನಿಂತಿತು.

"ಯಾರ್ದಮ್ಮಾ ಅದು ಕೈಕೊಟ್ಟಿದ್ದು?"

"ನಿಮ್ಮದೇ ಅಜ್ಜಿ."

"ನಂದಾ? ನಂದು ನಾಲ್ಕೇ ದಿನ ಕದಾ ಮೊಂಡು ಮಾಡಿದ್ದು?"

ಸೊಸೆಯನ್ನು ಕೂಗಿ ಕ್ಯಾಲೆಂಡರ್ ಇಳಿಸಿ ತರಿಸಿದರು. ಒಂದೊಂದು ಚೌಕದ ಮೇಲೂ ಬೆರಳಿಟ್ಟು ನನಗೆ ಪಾಠ ಮಾಡಿದರು.

"ಇದು ಇಂಟು. ಅದು ನನ್ ಮಾತು ಕೇಳ್ಲಿಲ್ಲ ಅಂತ. ಇದು ಸುನ್ನಾ. ಕರೆಂಟ್ ಲೇದು ಅಂತ ಒಳಗಿರೋ ಅಮ್ಮಾಯಿ ನಿಜ ಹೇಳಿದ್ದು. ನೀನು ಟಿಕ್ಕು, ಇಂಟು ಎರಡೇ ಹೇಳಿದ್ದಿ. ಕರೆಂಟ್ ಇಲ್ದಿದ್ರೆ ಅದೇನ್ ಮಾಡುತ್ತೆ ಪಾಪಂ? ಅದಕ್ಕೆ ಇಂಟು ಹಾಕಿದ್ರೆ ತಪ್ಪಲ್ವಾ? ಅದಕ್ಕೇ ನಾನೇ ಸುನ್ನಾ ಹಾಕ್ದೆ."

ಶಿರಾದ ಭಾಯ್ ಪುಸ್ತಕದ ಮೊದಲ ಪುಟ ಕಣ್ಣ ಮುಂದೆ ಬಂತು. ಅದೇ ಸೊನ್ನೆ, ಅದೇ ಅರ್ಥ. ಅಲ್ಲಿ ಬಿಟ್ಟಿದ್ದೆ, ಇಲ್ಲಿ ಹಿಡಿದಿದ್ದೆ. ಓದು ಬಾರದ ಅಜ್ಜಿ ಯಂತ್ರಕ್ಕೆ ಅನ್ಯಾಯವಾಗಬಾರದೆಂದು ಒಂದು ಹೊಸ ಗುರುತನ್ನೇ ಕಂಡುಹಿಡಿದಿದ್ದರು. ಇಪ್ಪತ್ತು ವರ್ಷ ಗಣಿತ ಹೇಳಿದ ನಾನು ಅದನ್ನು ಕೂಡುವ ಲೆಕ್ಕಕ್ಕೆ ಸೇರಿಸಿದ್ದೆ.

"ಯಾಕಮ್ಮಾ ಮುಖ ಅಂಗಾಯ್ತು? ಮಜ್ಜಿಗೆ ಕುಡೀತಿಯಾ?" ಎಂದರು ಅಜ್ಜಿ. ಕುಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡು ಹನ್ನೆರಡನ್ನೂ ಮತ್ತೆ ಲೆಕ್ಕ ಹಾಕಿದೆ. ಎಲ್ಲರಿಗೂ ಒಂದೇ ಅಳತೆ ಹಿಡಿದರೆ ಹಳದಿ ಮೊದಲೇ ಉಳಿಯಿತು. ನೀಲಿ ಎರಡಕ್ಕೆ ಬಂತು, ಬೂದು ಮೂರಕ್ಕೆ ಇಳಿಯಿತು. ಬಸ್ಸಿನ ಕುಲುಕಾಟಕ್ಕೆ ತಪ್ಪಿರಬಹುದು ಎಂದು ಇನ್ನೊಂದು ಸಲ ಮಾಡಿದೆ. ತಪ್ಪಿರಲಿಲ್ಲ. ಮಧುಗಿರಿ ಬರುವಷ್ಟರಲ್ಲಿ ಇದನ್ನು ಯಾರಿಗೂ ಹೇಳದೆ ಇದ್ದುಬಿಟ್ಟರೆ ಏನಾಗುತ್ತದೆ ಎಂದೂ ಯೋಚಿಸಿದ್ದೆ. ಅಜ್ಜಿ ಯಾರಿಗೂ ಹೇಳುವುದಿಲ್ಲ. ಭಾವನಿಗೆ ಗೊತ್ತಾಗುವುದಿಲ್ಲ. ನನ್ನ ಗೌರವ ಹಾಗೇ ಇರುತ್ತದೆ. ಹೀಗೆ ಯೋಚಿಸಿದ್ದು ಎಷ್ಟು ಹೊತ್ತು ಎಂದರೆ, ಬಡವನಹಳ್ಳಿಯಿಂದ ಮಧುಗಿರಿಯ ತನಕ. ಕಡಿಮೆ ಹೊತ್ತೇನಲ್ಲ.

ಬಸ್ಸಿಳಿದು ನೇರ ಕಚೇರಿಗೆ ಹೋದೆ. ಸಂಪಾದಕರ ಮುಂದೆ ಭಾಯ್ ಪುಸ್ತಕದ್ದೂ ಅಜ್ಜಿಯ ಕ್ಯಾಲೆಂಡರಿನದೂ ಎರಡೂ ಫೋಟೊ ಇಟ್ಟು, ಹೇಳಿದೆ. ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಅವತ್ತು ಸಮಾಧಾನ ಆಯ್ತು ಅಂದ್ರಿ ನೋಡಿ, ಅವತ್ತೇ ನಾನು ತಡೀಬೇಕಿತ್ತು ಕಣಮ್ಮ," ಎಂದರು. "ಲೆಕ್ಕ ಹಾಕೋರಿಗೆ ಬೇಜಾರೂ ಆಗ್ಬಾರ್ದು, ಸಮಾಧಾನಾನೂ ಆಗ್ಬಾರ್ದು. ಆದ್ರೆ ನಂಗೂ ಒಳಗೊಳಗೇ ಖುಷಿ ಆಗಿತ್ತು. ಸ್ವಂತದೋರನ್ನೇ ಬಿಡದ ಪೇಪರು ಅನ್ನಿಸ್ಕೊಳೋ ಆಸೆ. ಇಬ್ರೂ ಸೇರಿ ನಿಮ್ಮ ಭಾವನ್ನ ಮೆಟ್ಟಿಲು ಮಾಡ್ಕೊಂಡು ಹತ್ತಿಬುಟ್ವಿ."

ತಿದ್ದುಪಡಿ ಅದೇ ಜಾಗದಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಬರಬೇಕು ಎಂದು ತೀರ್ಮಾನವಾಯಿತು. ಅದಕ್ಕೆ ಮುಂಚೆ ಭಾವನಿಗೆ ನಾನೇ ಹೋಗಿ ಹೇಳುತ್ತೇನೆ ಎಂದೆ.

ಮಾರನೆಯ ದಿನ ಕೊರಟಗೆರೆಯ ಅಂಗಡಿಗೆ ಹೋದಾಗ ಭಾವ ಗಿರಾಕಿಯೊಬ್ಬರಿಗೆ ಪೈಪು ಅಳೆದು ಕೊಡುತ್ತಿದ್ದರು. ನನ್ನನ್ನು ನೋಡಿ ಪೈಪಿನ ಕಡೆಗೇ ತಿರುಗಿದರು. ಗಿರಾಕಿ ಹೋದ ಮೇಲೆ ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, "ತಪ್ಪಾಯ್ತು ಭಾವ. ನಿಮ್ಮದು ಎರಡನೇದು. ಮುಂದಿನ ವಾರ ಅದೇ ಜಾಗದಲ್ಲೇ ತಿದ್ದಿ ಹಾಕ್ತೀವಿ," ಎಂದೆ.

ಕುಣಿಯುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಇನ್ನೂ ಇಳಿಯಿತು.

"ಬ್ಯಾಡ ಕಣಮ್ಮಣ್ಣಿ."

"ಬೇಡವಾ?"

"ಈಗ ತಾನೇ ಜನ ಮರೀತಾವ್ರೆ. ನಿನ್ನೆ ಬಸ್ ಸ್ಟ್ಯಾಂಡ್ನಾಗೆ ಒಬ್ನೂ ಅಕ್ಕನ ಗಂಡ ಅನ್ಲಿಲ್ಲ. ಈಗ ನೀನು ಮೂರಲ್ಲ ಎರಡು ಅಂತ ಹಾಕಿದ್ರೆ, ಏನಪ್ಪಾ ಮೂರು ಅಂತ ಮತ್ತೆ ಎಲ್ಲಾ ನೆನಪು ಮಾಡ್ಕೋತಾರೆ. ಮೊದಲ್ನೇದಾದ್ರೆ ಹಾಕು. ಎರಡ್ನೇದಕ್ಕೆ ಯಾಕೆ ಇಷ್ಟೊಂದು ಸದ್ದು? ಬುಟ್ಬುಡು."

"ಬಿಡೋಕಾಗಲ್ಲ ಭಾವ. ತಪ್ಪು ಅಚ್ಚಾಗಿದೆ."

"ಆವಾಗ ಪೆಟ್ಟಿಗೆ ತಗೋ ಅಂದ್ರೂ ತಗಳ್ಲಿಲ್ಲ. ಈಗ ಹಾಕ್ಬ್ಯಾಡ ಅಂದ್ರೂ ಹಾಕ್ತಿಯಾ. ನಿನ್ನ ಕಟ್ಕೊಂಡೋನು ಪುಣ್ಯವಂತ ಬುಡು," ಎಂದರು. ಆದರೆ ಇಷ್ಟು ಹೇಳುವಾಗ ನಗು ವಾಪಸು ಬಂದಿತ್ತು. ದನಿ ತಗ್ಗಿಸಿ ಕೇಳಿದರು: "ಆವಜ್ಜಿ ನಿಜವಾಗ್ಲೂ ಅಂಗಂದ್ರಾ? ಪೆಟ್ಟಿಗೆಗೆ ಅನ್ಯಾಯ ಆಗಬಾರ್ದು ಅಂತ?"

"ಹೌದು ಭಾವ."

"ಆಯಮ್ಮನ ಪೆಟ್ಟಿಗೆ ಅದ್ಯಾಕೆ ನಾಲ್ಕು ದಿನ ಕೆಟ್ಟೋಯ್ತೋ ನೋಡ್ಕೊಂಡು ಬರ್ತೀನಿ ತಡಿ," ಎಂದು ಅವತ್ತೇ ಬೈಕು ಹತ್ತಿದರು. ಸಿಮ್ಮು ಅಲ್ಲಾಡುತ್ತಿತ್ತಂತೆ. ಅಜ್ಜಿ ಅವರಿಗೆ ಒಂದು ಮೊಳ ಕನಕಾಂಬರ ಕೊಟ್ಟು ಕಳಿಸಿದರು. ಅಕ್ಕ ಅದನ್ನು ಮುಡಿದುಕೊಂಡು ಫೋಟೊ ಕಳಿಸಿದಾಗ ಮನೆಯಲ್ಲಿ ಊಟ ಸರಿಹೋಗಿದೆ ಎಂದು ನನಗೆ ಗೊತ್ತಾಯಿತು.

ತಿದ್ದುಪಡಿ ಬರೆಯಲು ನನಗೆ ಮೂರು ದಿನ ಹಿಡಿಯಿತು. ಮೊದಲ ಕರಡಿನಲ್ಲಿ "ಗುರುತಿನ ಅರ್ಥೈಸುವಿಕೆಯಲ್ಲಿ ವ್ಯತ್ಯಾಸ ಉಂಟಾಗಿ" ಎಂದಿತ್ತು. ಸಂಪಾದಕರು ಅದನ್ನು ಹೊಡೆದುಹಾಕಿ, "ಯಾರಿಂದ ಉಂಟಾಯ್ತು? ಮಳೆಯಿಂದಾನಾ?" ಎಂದು ಪಕ್ಕದಲ್ಲಿ ಬರೆದರು. ಕೊನೆಗೆ ಅಚ್ಚಾದದ್ದು ಹೀಗೆ: "ಒಂದೇ ಗುರುತನ್ನು ಶಿರಾದಲ್ಲಿ ಒಂದು ರೀತಿ, ಪಾವಗಡದಲ್ಲಿ ಇನ್ನೊಂದು ರೀತಿ ಎಣಿಸಿದ್ದೇನೆ. ಅಜ್ಜಿಯನ್ನು ಕೇಳಿದ್ದರೆ ತಿಳಿಯುತ್ತಿತ್ತು, ಕೇಳಲಿಲ್ಲ. ಸಂಬಂಧಿಕರ ಪರ ಎನ್ನಿಸಿಕೊಳ್ಳುವ ಭಯಕ್ಕೆ ಅವರ ವಿರುದ್ಧ ಹೋಗಿದ್ದೇನೆ. ನೀಲಿ ಎರಡನೆಯದು, ಬೂದು ಮೂರನೆಯದು."

ಇದನ್ನು ಓದಿ ಊರು ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿಕೊಂಡಿತು ಎಂದು ಬರೆಯಲು ಆಸೆ. ನಡೆದದ್ದು ಹಾಗಲ್ಲ. ಕಾಲೇಜಿನಲ್ಲಿ ಮೊದಲು ಹೊಗಳಿದ್ದ ಸಹೋದ್ಯೋಗಿಯೇ ಬಂದು ಭುಜ ತಟ್ಟಿ, "ಬಿಡಿ ಮೇಡಂ, ಏನೇ ಆದ್ರೂ ಸಂಬಂಧ ಉಳಿಸ್ಕೋಬೇಕು," ಎಂದರು. ಇಲ್ಲ, ಇದು ಲೆಕ್ಕದ ತಪ್ಪು ಎಂದು ಕ್ಯಾಲೆಂಡರಿನ ಕತೆ ಹೇಳಹೊರಟರೆ, "ಅಯ್ಯೋ, ನಮ್ಮನೇಲೂ ಅಕ್ಕತಂಗೀರು ಇದ್ದಾರೆ, ಅರ್ಥ ಆಗುತ್ತೆ," ಎಂದು ಸಮಾಧಾನ ಮಾಡಿದರು. ತಪ್ಪು ಮಾಡಿದಾಗ ನಿಷ್ಪಕ್ಷಪಾತಿ ಎನ್ನಿಸಿಕೊಂಡಿದ್ದೆ, ತಿದ್ದಿದಾಗ ಪಕ್ಷಪಾತಿಯಾದೆ. ಪ್ರಾಂಶುಪಾಲರು ಆ ವಾರ ಪ್ರಾರ್ಥನೆಯ ಹೊತ್ತಿನಲ್ಲಿ ಸ್ವಚ್ಛತೆಯ ಬಗ್ಗೆ ಮಾತಾಡಿದರು.

ಬೂದು ಪೆಟ್ಟಿಗೆ ಮಾರುವವರು ಶಿರಾದಿಂದ ಕಚೇರಿಗೇ ಬಂದರು.

"ಹದ್ನೈದು ದಿನದ ಹಿಂದೆ ಎರಡು. ಇವತ್ತು ಮೂರು. ನನ್ ಪೆಟ್ಟಿಗೆ ಅಲ್ಲೇ ಗೋಡೆ ಮೇಲಿದ್ದಂಗೇ ಐತಲ್ರೀ, ಹೆಂಗ್ರೀ ಇಳೀತು?"

ಸಂಪಾದಕರು ಅವರನ್ನು ಕೂರಿಸಿ, ಹನ್ನೆರಡೂ ಪುಸ್ತಕದ ಫೋಟೊಗಳನ್ನು ಮುಂದೆ ಹರಡಿ, "ನೀವೇ ಎಣಿಸಿ," ಎಂದರು. ಆ ಮನುಷ್ಯ ಬೆರಳು ನೆಕ್ಕಿಕೊಂಡು ಮೂರು ಸಲ ಎಣಿಸಿದರು. ಪ್ರತಿ ಸಲವೂ ಮೂರನೆಯದೇ ಬಂತು. ಸಂಪಾದಕರು ಕಾಫಿ ತರಿಸಲೇ ಎಂದರೆ, "ನಿಮ್ ಕಾಫಿ ನೀವೇ ಕುಡೀರಿ," ಎಂದು ಎದ್ದರು. ಬಾಗಿಲ ಹತ್ತಿರ ಹೋಗಿ ನಿಂತು, "ಲೆಕ್ಕ ಸರಿಯಾಗೈತೆ," ಎಂದು ಗೋಡೆಗೆ ಹೇಳುವವರ ಹಾಗೆ ಹೇಳಿ ಹೊರಟುಹೋದರು. ಆ ವಾರ ನಮ್ಮ ಬರಹಕ್ಕೆ ಸಿಕ್ಕಿದ ಒಂದೇ ಒಂದು ಮೆಚ್ಚುಗೆ ಅದು. ಮೂರನೇ ಸ್ಥಾನದವರಿಂದ ಬಂದದ್ದರಿಂದ ನನಗೆ ಅದರ ಮೇಲೆ ನಂಬಿಕೆ ಹೆಚ್ಚು.

ಅಂದಿನಿಂದ ನಮ್ಮ ಕೆಲಸದ ರೀತಿ ಸ್ವಲ್ಪ ಬದಲಾಗಿದೆ. ಗುರುತು ಹಾಕುವವರಿಗೆ ಯಾವ ಗುರುತಿಗೆ ಯಾವ ಅರ್ಥ ಎಂದು ನಾನು ಹೇಳುವುದಕ್ಕೆ ಮುಂಚೆ, ನಿಮಗೆ ಇನ್ನೇನಾದರೂ ಗುರುತು ಬೇಕೇ ಎಂದು ಕೇಳುತ್ತೇನೆ. ಬಂದ ಪುಸ್ತಕಗಳಲ್ಲಿ ಸಾಮಾನಿನ ಹೆಸರಿನ ಮೇಲೆ ಸಂಪಾದಕರು ತಾವೇ ಕಾಗದದ ಚೂರು ಅಂಟಿಸಿ, ಅ, ಆ, ಇ ಎಂದು ಬರೆದು ಕೊಡುತ್ತಾರೆ. ನಾನು ಎಣಿಸಿದ ಮೇಲೆ ಅದೇ ಪುಸ್ತಕಗಳು ಶಿರಾಕ್ಕೆ ಹೋಗುತ್ತವೆ; ಭಾಯ್ ಬೇರೆಯಾಗಿ ಎಣಿಸಿ ಕಳಿಸುತ್ತಾರೆ. ಇಬ್ಬರ ಉತ್ತರ ಒಂದೇ ಬಂದ ಮೇಲೆಯೇ ಕಾಗದದ ಚೂರು ಕೀಳುವುದು. ಮೊದಲ ಸಲವೇ ಭಾಯ್ ನನ್ನ ಕೂಡುವಿಕೆಯಲ್ಲಿ ಎರಡು ತಪ್ಪು ಹಿಡಿದು, "ಮೇಡಂ, ಮಕ್ಕಳು ಪಾಸಾಗ್ತಿದಾರಾ?" ಎಂದು ಕೇಳಿದರು.

ಈಗ ನಡೆಯುತ್ತಿರುವುದು ಮಳೆ ಹೇಳುವ ಮೊಬೈಲ್ ಆಪುಗಳ ಪರೀಕ್ಷೆ. ನಾಲ್ಕು ಆಪು ಹೇಳಿದ್ದನ್ನು ಬೇರೆ ಬೇರೆ ಊರಿನವರು ದಿನವೂ ಬರೆದಿಡುತ್ತಿದ್ದಾರೆ. ಕೊಡಿಗೇನಹಳ್ಳಿಯ ಒಬ್ಬ ಮೇಷ್ಟ್ರು ಅಂಗಳದಲ್ಲಿ ಡಬ್ಬಿ ಇಟ್ಟು ನಿಜವಾದ ಮಳೆ ಅಳೆಯುತ್ತಿದ್ದಾರೆ. ನನ್ನ ಕೈಗೆ ಬರುವುದು ಹೆಸರು ಮುಚ್ಚಿದ ಹಾಳೆಗಳು ಮಾತ್ರ. ಮೊನ್ನೆ ಭಾವ ಫೋನ್ ಮಾಡಿದರು.

"ಅಮ್ಮಣ್ಣಿ, ನಾಲ್ಕ್ರಾಗೆ ಯಾವ್ದು ಮುಂದೈತೆ?"

"ಗೊತ್ತಿಲ್ಲ ಭಾವ."

"ನಂಗೂ ಹೇಳಲ್ವಾ?"

"ನಿಜವಾಗ್ಲೂ ಗೊತ್ತಿಲ್ಲ. 'ಆ' ಅನ್ನೋದು ಮುಂದಿದೆ. ಅದು ಯಾವುದು ಅಂತ ನನಗೂ ಗೊತ್ತಿಲ್ಲ."

ಭಾವ ಫೋನಿನಲ್ಲೇ ನಕ್ಕರು.

"ಆಯ್ತು ಬುಡು. ಕಡ್ಲೆಕಾಯಿ ಕಿತ್ತಾಕಿದೀನಿ. ನಾಳೆ ಒಣಗಾಕ್ಲಾ ಬ್ಯಾಡ್ವಾ, ಅದನ್ನಾದ್ರೂ ಹೇಳು."

ನಾನು ಕಿಟಕಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಬೆಟ್ಟದ ಹಿಂದೆ ಸ್ವಲ್ಪ ಕಪ್ಪಾಗಿತ್ತು.

"ಟಾರ್ಪಾಲು ಹತ್ತಿರದಲ್ಲೇ ಇಟ್ಕೊಳ್ಳಿ ಭಾವ," ಎಂದೆ.